ನಂಗೆ ಬ್ಯಾಗ್ ಇತ್ತ್

ಹದಿನೈದು ದಿನಗಳಿಂದ ನನ್ನ ಫೋನಿಗೆ ಬಿಡುವೇ ಇಲ್ಲ. ಬೈಂದೂರಿನಿಂದ ಒಬ್ಬರು, ಹಾಲಾಡಿಯಿಂದ ಇನ್ನೊಬ್ಬರು, ಕುಂದಾಪುರದಿಂದ ನನ್ನ ಸ್ವಂತ ನಾದಿನಿ. ಅಂಕಣ ಓದಿ ಮೆಚ್ಚಿಕೊಂಡು ಮಾಡುವ ಫೋನುಗಳಲ್ಲ (ಅಂಥವು ವರ್ಷಕ್ಕೊಂದು ಬಂದರೆ ದೊಡ್ಡದು). ಎಲ್ಲರದ್ದೂ ಒಂದೇ ಮಾತು, ದನಿ ಮಾತ್ರ ಬೇರೆ.

"ಅಲ್ಲ ಮರ್ರೆ, ನಿಮ್ಮನಿ ಹೆಣ್ಣಿಗ್ ಅಷ್ಟ್ ಸೊಕ್ಕಾ?"

ಸೊಕ್ಕು! ಒಂಬತ್ತು ವರ್ಷದ ಆ ಹುಡುಗಿ ಮಾಡಿದ ಅಪರಾಧವಾದರೂ ಏನು? ತುಂಬಿದ ಸಭೆಯಲ್ಲಿ, ವೇದಿಕೆಯ ಮೇಲೆ, ಊರಿಗೇ ದೊಡ್ಡವರಾದ ದಾನಿಗಳು ಕೊಡಲು ಬಂದ ಹೊಸ ಸ್ಕೂಲ್ ಬ್ಯಾಗನ್ನು ಬೇಡ ಎಂದಳು. ಅಷ್ಟೆ.

ಹೌದು, ಬೇಡ ಎಂದಳು. ನಾನು ಎದುರಿಗೇ ಕೂತಿದ್ದೆ, ಕಣ್ಣಾರೆ ಕಂಡಿದ್ದೇನೆ. ಊರೆಲ್ಲ ಹೇಳಿ ಮುಗಿಸಿದ ಆ ಕಥೆಯನ್ನು ಈಗ ನನ್ನ ಬಾಯಲ್ಲೂ ಒಮ್ಮೆ ಕೇಳಿ. ಆಮೇಲೆ ಬೇಕಾದರೆ ಇನ್ನೊಂದು ಫೋನ್ ಮಾಡಿ.

ಈ ಹುಡುಗಿ ನಮ್ಮ ಮನೆಗೆ ಬಂದು ಇನ್ನೂ ವರ್ಷವಾಗಿಲ್ಲ. ಹೆಸರು ಹೇಳುವಂತಿಲ್ಲ, ಇಂಥ ಮಕ್ಕಳ ಗುರುತು ಬಯಲು ಮಾಡಬಾರದೆಂದು ಕಾನೂನೇ ಇದೆ. "ಪೇಪರಂಗ್ ಬರಿಯುಕೆ ನಿಂಗೆ ಯಾವ ಹೆಸ್ರ್ ಇಡ್ಲಿ?" ಎಂದು ಅವಳನ್ನೇ ಕೇಳಿದೆ. ಸಂಜೆಯಿಡೀ ಯೋಚಿಸಿ "ಮಿಂಚು" ಎಂದಳು. ಆಗಲಿ, ಮಿಂಚು. ಊರು, ಶಾಲೆ, ಇನ್ನೂ ನಾಲ್ಕು ವಿವರಗಳನ್ನು ನಾನು ಅಷ್ಟಿಷ್ಟು ತಿರುಚಿದ್ದೇನೆ. ಗೊತ್ತಿದ್ದವರು ಸುಮ್ಮನಿರಿ. ಗೊತ್ತಿಲ್ಲದವರು ಹುಡುಕಲು ಹೋಗಬೇಡಿ.

ಮಿಂಚುವಿಗೆ ಅಪ್ಪ ಇಲ್ಲ. ಅಮ್ಮ ಇದ್ದಾಳೆ. ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಮ್ಮ ದೂರದ ಆಸ್ಪತ್ರೆಯಲ್ಲಿ ಚಿಕಿತ್ಸೆಯಲ್ಲಿದ್ದಾಳೆ, ಅದು ಬೇಗ ಮುಗಿಯುವಂಥದ್ದಲ್ಲ. ಅವಳು ಗುಣವಾಗಿ ಬರುವವರೆಗೆ ಮಗು ಬಾಲಮಂದಿರದಲ್ಲಿರುವ ಬದಲು ಒಂದು ಮನೆಯಲ್ಲಿರಲಿ ಎಂದು ಮಕ್ಕಳ ಕಲ್ಯಾಣ ಸಮಿತಿಯವರು ನಮ್ಮ ಮನೆಗೆ ಕಳಿಸಿದ್ದಾರೆ. ಇಂಗ್ಲಿಷಿನಲ್ಲಿ ಫಾಸ್ಟರ್ ಕೇರ್ ಎನ್ನುತ್ತಾರೆ. ಕನ್ನಡದಲ್ಲಿ ಸರಕಾರ ಏನೋ ಉದ್ದದ ಹೆಸರಿಟ್ಟಿದೆ. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇಲ್ಲ. ಅವಳು ನನ್ನನ್ನು ಅತ್ತೆ ಎನ್ನುತ್ತಾಳೆ, ಬ್ರಹ್ಮಾವರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡಿರುವ ನಮ್ಮ ಮನೆಯವರನ್ನು ಮಾವ ಎನ್ನುತ್ತಾಳೆ. ಲೆಕ್ಕ ಅಲ್ಲಿಗೆ ಸರಿಯಾಯಿತು.

ಬರುವಾಗ ಅವಳ ಬೆನ್ನಿಗೆ ಒಂದು ಬ್ಯಾಗು. ನೇರಳೆ ಬಣ್ಣ, ಮೇಲೊಂದು ಚಿಟ್ಟೆ, ಚಿಟ್ಟೆಗೆ ಒಂದೇ ರೆಕ್ಕೆ. ಜಿಪ್ಪು ಹಾಳಾಗಿ ಬಾಯಿ ಬಿಟ್ಟುಕೊಂಡಿತ್ತು. ಸಂತೆಯಲ್ಲಿ ಅಮ್ಮ ಚೌಕಾಸಿ ಮಾಡಿ ತೆಗೆದುಕೊಟ್ಟದ್ದಂತೆ. "ಹೊಸತ್ ತಕಂಬ" ಎಂದು ನಾನು ಒಮ್ಮೆ ಹೇಳಿದೆ, ಅವಳು ನನ್ನನ್ನು ನೋಡಿದ ರೀತಿಗೆ ಎರಡನೇ ಸಲ ಹೇಳಲಿಲ್ಲ. ನಮ್ಮ ಮನೆಯವರು ಮಾತಾಡದೆ ಬ್ಯಾಗನ್ನು ಅಂಗಡಿಗೆ ಒಯ್ದು, ಮೋಟಾರ್ ಸುತ್ತುವ ತಾಮ್ರದ ತಂತಿಯಿಂದ ಜಿಪ್ಪಿಗೊಂದು ಹಿಡಿಕೆ ಮಾಡಿ ತಂದರು.

ಮಿಂಚು ನಾಲ್ಕು ಸಲ ಎಳೆದು ನೋಡಿದಳು. "ಮಾವ, ಇದ್ ಇನ್ ಕಾಲೇಜಿನವರೆಗೂ ಬತ್ತ್" ಎಂದಳು.

ಬ್ಯಾಗು ತಯಾರು. ಈಗ ಶಾಲೆ?

ಮೊದಲು ಕುಂದಾಪುರದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋದೆವು. ರಿಸೆಪ್ಶನ್ನಿನಲ್ಲಿ ಗಾಜಿನ ಪೆಟ್ಟಿಗೆ, ಅದರಲ್ಲಿ ಬಣ್ಣದ ಮೀನು. (ಮೀನಿನ ಊರಿನ ಹುಡುಗಿ ಅದನ್ನು ನೋಡಿ "ಇದ್ರಾಗ್ ಸಾರಿಗ್ ಆಪುದ್ ಒಂದೂ ಇಲ್ಲೆ" ಎಂದಳು.) ಕೌಂಟರಿನ ಮೇಡಮ್ ಬಹಳ ನಯವಾಗಿ ಸಂಬಂಧ ವಿಚಾರಿಸಿದರು.

"ಮಗು ನಿಮ್ಗ್ ಎಂತ ಆಯ್ಕ್?"

ನಾನು ವಿಷಯ ಹೇಳಿದೆ.

"ಅಂದ್ರೆ ದತ್ತ್ ತಕಂಡದ್ದಾ?"

"ಅಲ್ಲ. ಅದ್ರ ಅಮ್ಮ ಇತ್ತ್. ಈಗ ನಮ್ಮೊಟ್ಟಿಗ್ ಇಪ್ಪುದ್." (ಘಟ್ಟದ ಮೇಲಿನವರಿಗೆ ಒಂದು ಮಾತು: ನಮ್ಮ 'ಇತ್ತ್' ಅಂದರೆ 'ಇದೆ', 'ಇದ್ದಾಳೆ'.)

ಅವರು ಮಿಂಚುವನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಟೇಬಲ್ಲಿನ ಮೇಲೆ ಬಗ್ಗಿ, ದನಿ ತಗ್ಗಿಸಿ, "ಮನಿ ಕೆಲ್ಸಕ್ ಇಟ್ಕಂಡದ್ದಾ?" ಎಂದರು.

"ಹೌದ್. ಹೋಮ್‌ವರ್ಕ್ ಮಾಡುಕೆ" ಎಂದು ಹೇಳಿ ಎದ್ದು ಬಂದೆ.

ಎರಡನೆಯ ಶಾಲೆ ಬ್ರಹ್ಮಾವರದ ಕಡೆಯದು. ಫೋನಿನಲ್ಲಿ ಕೇಳಿದಾಗ ಸೀಟ್ ಇತ್ತು. ಮಗುವನ್ನು ಕರೆದುಕೊಂಡು ಹೋಗಿ ವಿಷಯ ಬಿಡಿಸಿ ಹೇಳಿದ ಮೇಲೆ ಫುಲ್ ಆಯಿತು. ಪ್ರಿನ್ಸಿಪಾಲರು ಒಳ್ಳೆಯವರು, ಕಾಫಿ ತರಿಸಿದರು. "ನಮ್ಗೆಂತ ತೊಂದ್ರೆ ಇಲ್ಲೆ ಮೇಡಮ್. ಪೇರೆಂಟ್ಸ್ ಒಂದ್ ನಮೂನಿ. ಇಂಥ ಮಕ್ಳ್ ಬಂದ್ರೆ ಉಳ್ದ ಮಕ್ಳಿಗ್ ಎಫೆಕ್ಟ್ ಆತ್ ಅಂತ್ರ್" ಎಂದರು.

"ಇಂಥ ಮಕ್ಳ್ ಅಂದ್ರೆ ಎಂಥ ಮಕ್ಳ್?"

"ಅದೇ ಮೇಡಮ್... ಇಂಥ."

'ಇಂಥ' ಅಂದರೆ ಏನೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ನಿಮಗೇನಾದರೂ ಗೊತ್ತಾ? ಗೇಟಿನ ಹೊರಗೆ ಅವರ ಹಳದಿ ಬಸ್ಸಿನ ಮೇಲೆ 'ಅಡ್ಮಿಷನ್ ಓಪನ್' ಎಂಬ ಬ್ಯಾನರು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಸರ್ವಿಸ್ ಬಸ್ಸಿನಲ್ಲಿ ವಾಪಸು ಬರುವಾಗ ಮಿಂಚು ದಾರಿಯ ಅಂಗಡಿಗಳ ಬೋರ್ಡು ಓದುತ್ತಾ ಕೂತಳು. ಆಮೇಲೆ ಕಿಟಕಿ ಕಡೆ ಮುಖ ಮಾಡಿಕೊಂಡೇ, "ಅತ್ತೆ, ಆ ಶಾಲಿ ಬಸ್ಸಿನ್ ಬಣ್ಣ ಚೆಂದ ಇಲ್ಲೆ" ಎಂದಳು.

ಒಂಬತ್ತು ವರ್ಷದ ಮಗುವಿಗೆ, ತನ್ನನ್ನು ಬೇಡ ಎಂದ ಶಾಲೆಯನ್ನು ತಾನೇ ಮೊದಲು ಬೇಡ ಎಂದಿದ್ದೆ ಅಂತ ತೋರಿಸಿಕೊಳ್ಳುವ ಕಷ್ಟ ಯಾಕೆ ಬರಬೇಕು?

ಕೊನೆಗೆ ಸಿಕ್ಕಿದ್ದು ನಮ್ಮದೇ ಊರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಹೆಡ್ ಟೀಚರ್ ಒಂದೂ ಪ್ರಶ್ನೆ ಕೇಳಲಿಲ್ಲ. "ಹೆಣ್ಣಿನ್ ನಾಳೆಯಿಂದ್ಲೇ ಕಳ್ಸಿ. ಕಾಗ್ದ ಎಲ್ಲ ನಿಧಾನಕ್ಕ್ ಬರ್ಲಿ" ಎಂದರು. ಮಕ್ಕಳು ಕಡಿಮೆಯಾದರೆ ಶಾಲೆಯೇ ಮುಚ್ಚಿಹೋಗುತ್ತದೆ ಎಂಬ ಹೆದರಿಕೆ ಅವರದ್ದು. ಹೆದರಿಕೆಯಿಂದ ಬಂದರೂ ಸ್ವಾಗತ ಸ್ವಾಗತವೇ, ನಾನು ಬೇಡ ಎನ್ನಲಿಲ್ಲ.

ಶಾಲೆ ಸಿಗುವುದು ಬೇರೆ, ಶಾಲೆಗೆ ಸೇರಿಕೊಳ್ಳುವುದು ಬೇರೆ. ಆ ತರಗತಿಯಲ್ಲಿ ಮಕ್ಕಳು ಬ್ಯಾಗುಗಳನ್ನು ಗೋಡೆ ಬದಿಗೆ ಸಾಲಾಗಿ ಇಡುತ್ತಾರೆ. ಮಿಂಚು ಇಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡೇ ಪಾಠ ಕೇಳಿದಳು, ತೊಡೆಯ ಮೇಲೆ ಇಟ್ಟುಕೊಂಡೇ ಬರೆದಳು, ಬಿಸಿಯೂಟಕ್ಕೆ ಬೆನ್ನಿಗೆ ಹಾಕಿಕೊಂಡು ಹೋದಳು. ಅರ್ಥವಾಗದ್ದೇನಲ್ಲ. ಯಾವ ಹೊತ್ತಿಗೆ ಯಾರು ಬಂದು "ಹೊರಡು" ಅನ್ನುತ್ತಾರೋ ಎಂದು ಗೊತ್ತಿಲ್ಲದ ಮಗು ಗಂಟು ಬಿಚ್ಚುವುದಿಲ್ಲ. ಕ್ಲಾಸ್ ಟೀಚರ್ ಇನ್ನೂ ಚಿಕ್ಕ ಪ್ರಾಯದವರು. ಬೈಯಲಿಲ್ಲ, ಒತ್ತಾಯ ಮಾಡಲಿಲ್ಲ, ಬ್ಯಾಗಿನ ಸುದ್ದಿಯನ್ನೇ ಎತ್ತಲಿಲ್ಲ.

ಹೀಗೇ ವಾರಗಳು ಕಳೆದವು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಒಗ್ಗರಣೆಗೆ ಇಟ್ಟಿದ್ದೆ. ಟೀಚರ್ ಫೋನು. ಗುಟ್ಟು ಹೇಳುವವರ ದನಿ.

"ಹ್ವಾಯ್, ಇವತ್ ಅದ್ ಬ್ಯಾಗ್ ಗೋಡಿ ಬದೀಗ್ ಇಟ್ತ್ ಮರ್ರೆ! ಇಟ್ಟ್ ಆಡುಕ್ ಓಡ್ತ್!"

ಒಗ್ಗರಣೆ ಕರಟಿ ಹೋಯಿತು. ಹೋಗಲಿ! ಅವತ್ತು ನಾನು ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಆ ದಿನದ ಸಾರು ಕಹಿಯಾಗಿತ್ತು, ಮೂವರೂ ಮತ್ತೆ ಬಡಿಸಿಕೊಂಡು ಉಂಡೆವು.

ಇಷ್ಟಾದ ಮೇಲೆ ಬಂತು ನೋಡಿ, ಕಾರ್ಯಕ್ರಮ.

ನಮ್ಮ ಕಡೆ ಕಾರ್ಯಕ್ರಮವಿಲ್ಲದೆ ಏನೂ ನಡೆಯುವುದಿಲ್ಲ. ಶಾಲೆಗೆ ಎರಡು ಬಕೆಟ್ ಕೊಟ್ಟರೂ ಅದಕ್ಕೊಂದು ವೇದಿಕೆ, ದೀಪ, ಶಾಲು, ಪ್ರಾಸ್ತಾವಿಕ ಭಾಷಣ, ಧನ್ಯವಾದ. ನೋಟ್‌ಬುಕ್ಕು, ಬ್ಯಾಗು ಎಲ್ಲ ಮಕ್ಕಳಿಗೂ ಬಂದಿತ್ತು. ಕೊಟ್ಟವರು ಇದೇ ಶಾಲೆಯ ಹಳೆ ವಿದ್ಯಾರ್ಥಿ, ಮುಂಬೈಯಲ್ಲಿ ಹೋಟೆಲ್ ಇರುವ ಹಿರಿಯರು. ಹೆಸರು ಬೇಡ, ಊರವರು ಕರೆಯುವಂತೆ ಧಣಿಗಳು ಎನ್ನೋಣ. ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟೂ ಮಕ್ಕಳಿಗೆ ವೇದಿಕೆಯಲ್ಲೇ ಕೊಡುತ್ತಾ ಕೂತರೆ ಸಂಜೆಯಾಗುತ್ತದಲ್ಲ? ಅದಕ್ಕೆ ನಮ್ಮಲ್ಲಿ ಒಂದು ಉಪಾಯವಿದೆ: 'ಸಾಂಕೇತಿಕವಾಗಿ ವಿತರಣೆ'. ಅಂದರೆ ಒಂದು ಮಗುವನ್ನು ಮೇಲೆ ಕರೆದು, ಕೊಟ್ಟು, ಫೋಟೋ ಹೊಡೆಸಿಕೊಳ್ಳುವುದು. ಉಳಿದ ಮಕ್ಕಳು ಹೋಗುವಾಗ ಆಫೀಸಿನಿಂದ ತೆಗೆದುಕೊಂಡು ಹೋಗುತ್ತಾರೆ.

ಸಂಕೇತಕ್ಕೆ ಯಾವ ಮಗು? ನಿಮಗೆ ಗೊತ್ತೇ ಇದೆ. ಶಾಲಾ ಸಮಿತಿಯ ಅಧ್ಯಕ್ಷರ ಮೊಮ್ಮಗ ಅದೇ ಶಾಲೆಯಲ್ಲಿ ಓದುತ್ತಾನೆ, ಅವನನ್ನು ಕರೆದರಾ? ಇಲ್ಲ.

ಮೊದಲು ಧಣಿಗಳು ಮಾತಾಡಿದರು. "ನಾನ್ ಮಾವನ್ ಮನಿಯಂಗ್ ಗಂಜಿ ಉಂಡ್ ಇದೇ ಶಾಲಿಗ್ ಬಂದವ. ಅಪ್ಪನ್ ಮುಖ ಕಂಡದ್ ನೆಂಪಿಲ್ಲೆ. ಬೊಂಬಾಯಂಗ್ ಲೋಟ ತೊಳ್ದ್ ನೈಟ್ ಸ್ಕೂಲಂಗ್ ಓದ್ದೆ" ಎಂದರು. ಚಪ್ಪಾಳೆಯೋ ಚಪ್ಪಾಳೆ! ನಾನೂ ತಟ್ಟಿದೆ. ಮನಸಾರೆ ತಟ್ಟಿದೆ.

ಚಪ್ಪಾಳೆ ನಿಲ್ಲುವುದಕ್ಕೂ ನಿರೂಪಕ ಮೈಕ್ ಹಿಡಿಯುವುದಕ್ಕೂ ಸರಿಹೋಯಿತು. ಮದುವೆ, ಸನ್ಮಾನ, ಕ್ರಿಕೆಟ್ ಟೂರ್ನಮೆಂಟು, ಎಲ್ಲದಕ್ಕೂ ಒಂದೇ ದನಿಯ ಹುಡುಗ. ದನಿಯನ್ನು ಒದ್ದೆ ಮಾಡಿಕೊಂಡು ಶುರುಮಾಡಿದ. "ತಂದೆಯಿಲ್ಲ, ತಾಯಿಯಿಲ್ಲ, ತನ್ನವರೆನ್ನುವ ಯಾರೂ ಇಲ್ಲ... ಅಂಥ ಒಂದು ಅನಾಥ ಕುಡಿಗೆ ಇಂದು ಆಸರೆಯ ಕೈ..." ಎಂದು ಮಿಂಚುವಿನ ನಿಜವಾದ ಹೆಸರು ಹಿಡಿದು ಕರೆದ.

ಹೆಂಗಸರ ಸಾಲಿನಿಂದ ಒಂದು "ಪಾಪ" ಎದ್ದಿತು. ಅದರ ಹಿಂದೆ ಇನ್ನೊಂದು. ನಾನು ಎದ್ದು ನಿಲ್ಲುವಷ್ಟರಲ್ಲಿ ಯಾರೋ ಅವಳನ್ನು ಮೆಟ್ಟಿಲು ಹತ್ತಿಸಿ ಆಗಿತ್ತು.

ಒಂದು ವಿಷಯ ಗಮನಿಸಿದಿರಾ? ಅದೇ ವೇದಿಕೆ, ಅದೇ ಅರ್ಧ ಗಂಟೆ. ಬೇರೆಯವರ ಮನೆಯಲ್ಲಿ ನಿಂತು ಶಾಲೆಗೆ ಹೋದೆ ಎಂದು ಎಪ್ಪತ್ತು ವರ್ಷದ ಶ್ರೀಮಂತರು ಹೇಳಿದರೆ ಸಾಧನೆ. ಅದೇ ಬಾಳನ್ನು ಒಂಬತ್ತು ವರ್ಷದ ಹುಡುಗಿ ಬಾಳುತ್ತಿದ್ದರೆ ಪಾಪ. ಇದು ಸೋದರಮಾವನ ಮನೆಯೇ ಮನೆಯಾದ ಅಳಿಯಕಟ್ಟಿನ ಸೀಮೆ ಸ್ವಾಮಿ! ನಮ್ಮಲ್ಲಿ ಎಷ್ಟು ಜನ ಮಾವನ ಮನೆಯಲ್ಲಿ, ದೊಡ್ಡಮ್ಮನ ಮನೆಯಲ್ಲಿ, ನೆಂಟರ ನೆಂಟರ ಮನೆಯ ಚಾವಡಿಯಲ್ಲಿ ಬೆಳೆದವರಿಲ್ಲ? ಅವರಿಗೆ ಯಾರಾದರೂ ಮೈಕ್ ಹಿಡಿದು ಅನಾಥ ಎಂದಿದ್ದರಾ? ಮಗು ಯಾರ ಮನೆಯಲ್ಲಿ ಉಂಡರೂ ಊರಿನ ಮಗುವೇ ಎಂದು ಬದುಕಿದ ಜನ, ಈಗ ಅದಕ್ಕೊಂದು ಇಂಗ್ಲಿಷ್ ಹೆಸರು ಬಂದ ಕೂಡಲೇ ಬೆಚ್ಚಿಬಿದ್ದದ್ದು ಯಾಕೆ?

ವೇದಿಕೆಗೆ ಬರೋಣ. ಧಣಿಗಳು ಎದ್ದು ಹೊಸ ಬ್ಯಾಗು ಚಾಚಿದರು. ನೀಲಿ ಬಣ್ಣ, ಇನ್ನೂ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. ಮಿಂಚು ಕೈ ಚಾಚಲಿಲ್ಲ.

"ನಂಗೆ ಬ್ಯಾಗ್ ಇತ್ತ್" ಎಂದಳು.

ಜೋರಾಗಿ ಅಲ್ಲ. ಆದರೆ ಮೈಕು ಅಲ್ಲೇ ಇತ್ತು, ಗೇಟಿನ ಹೊರಗೆ ನಿಂತಿದ್ದ ಆಟೋದವರಿಗೂ ಕೇಳಿಸಿತು. ಫೋಟೋಗ್ರಾಫರನಿಗೆ ತಲೆಬಿಸಿ. ಕ್ಯಾಮೆರಾ ಇಳಿಸಿ, "ಹ್ವಾಯ್ ಹೆಣೆ, ಒಂಚೂರ್ ಹಿಡ್ಕೋ. ಫೋಟೋ ಆಯ್ಲಿ, ಕಡಿಗ್ ವಾಪಸ್ ಕೊಡ್" ಎಂದ.

ಪುಣ್ಯಾತ್ಮ! ಇಡೀ ಕಾರ್ಯಕ್ರಮದಲ್ಲಿ ನಿಜ ನುಡಿದವನು ಅವನೊಬ್ಬನೇ.

ಮಿಂಚು ಹಿಡಿಯಲಿಲ್ಲ. ಧಣಿಗಳು ಒಂದು ಕ್ಷಣ ಅವಳ ಮುಖ ನೋಡಿದರು. "ಹೌದಾ? ಆಯ್ತ್ ಮಗಾ" ಎಂದು ಹೇಳಿ ಕೂತರು. ಅವಳು ಇಳಿದು ಬಂದು ನನ್ನ ಪಕ್ಕ ನಿಂತಳು.

ಸೋಮವಾರ ಟೀಚರ್ ಫೋನು. ಈ ಸಲ ದನಿಯಲ್ಲಿ ಗುಟ್ಟೂ ಇಲ್ಲ, ಸಂತೋಷವೂ ಇಲ್ಲ. "ಬ್ಯಾಗ್ ಮತ್ತ್ ತೊಡಿ ಮೇಲ್ ಬಂತ್" ಎಂದರು.

ಅಷ್ಟರಲ್ಲಿ ಊರು ಎದ್ದು ನಿಂತಿತ್ತು. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎಂದು ನನಗೆ ಗಾದೆ ಹೇಳಿದವರು ಒಬ್ಬರಲ್ಲ. ಅಲ್ಲ, ಹಲ್ಲು ಎಣಿಸಿದವರು ಯಾರು? ಕೊಟ್ಟಿಗೆಯಲ್ಲಿ ಒಂದಿದೆ, ಇನ್ನೊಂದು ಬೇಡ ಎಂದಳು. ಮಗುವಿಗೆ ಕೃತಜ್ಞತೆ ಕಲಿಸಿ ಎಂದರು ನನ್ನ ನಾದಿನಿ. ತಂತಿ ಕಟ್ಟಿಕೊಟ್ಟ ಮಾವನಿಗೆ ಅವಳು ತನಗೆ ಪ್ರಾಣವಾದ ಮೀನಿನ ತಲೆಯನ್ನೇ ಬಿಟ್ಟುಕೊಡುತ್ತಾಳೆ. ಮೀನು ತಿನ್ನುವ ನಾದಿನಿಗೆ ಅದರ ಬೆಲೆ ಗೊತ್ತಿರಬೇಕಿತ್ತು.

ಮಂಗಳವಾರ ಶಾಲೆಯಿಂದ ಕರೆ ಬಂತು. ಹೆಡ್ ಟೀಚರ್ ರೂಮಿನಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು ಕೂತಿದ್ದರು. ಶಾಲೆಯ ಜಗಲಿಗೆ ಮಳೆ ಬೀಳದಂತೆ ಮಾಡು ಹಾಕಿಸಿಕೊಡುತ್ತೇನೆಂದು ಧಣಿಗಳು ಮಾತು ಕೊಟ್ಟಿದ್ದಾರಂತೆ. ಅದು ಎಲ್ಲಿ ಕೈತಪ್ಪುತ್ತದೋ ಎಂಬ ಹೆದರಿಕೆ.

"ದೊಡ್ಡ ವಿಷ್ಯ ಮಾಡುದ್ ಬ್ಯಾಡ" ಎಂದರು ಅಧ್ಯಕ್ಷರು. "ನಾಳೆ ಪ್ರಾರ್ಥನಿ ಹೊತ್ತಿಗ್ ಹೆಣ್ಣ್ ಬಂದ್ 'ಸಾರಿ' ಅಂತ ಹೇಳ್ಲಿ. ನಾವ್ ವಿಡಿಯೋ ಮಾಡಿ ಧಣಿಗಳಿಗ್ ಕಳ್ಸ್ತ್."

"ಧಣಿಗಳ್ ಬೇಜಾರ್ ಆಯ್ತ್ ಅಂದ್ರಾ?"

"ಅವ್ರ್ ಎಂತದೂ ಹೇಳ್ಲಿಲ್ಲೆ. ಆರೆ ಬೇಜಾರ್ ಆಗ್ದೆ ಇರತ್ತಾ?"

ನೋಡಿ ಸ್ವಾರಸ್ಯ. ಬ್ಯಾಗು ಕೊಟ್ಟವರು ಸುಮ್ಮನೆ ಮುಂಬೈ ವಿಮಾನ ಹತ್ತಿದ್ದಾರೆ. ಬೇಜಾರಾದದ್ದೆಲ್ಲ ಬ್ಯಾಗು ಕೊಡದವರಿಗೆ.

"ಸಾರಿ ಹೇಳ್ದಿದ್ರೆ?" ಎಂದು ಕೇಳಿದೆ.

ಅಧ್ಯಕ್ಷರು ಕಿಟಕಿಯ ಕಡೆ ನೋಡಿದರು. "ಹಾಂಗಾರೆ... ನೀವ್ ಬೇರೆ ಶಾಲಿ ಕಾಣ್ಕ್ ಆತ್."

ಬೇರೆ ಶಾಲೆ! ಮೀನಿನ ಪೆಟ್ಟಿಗೆಯ ಶಾಲೆಯಾ? 'ಇಂಥ' ಶಾಲೆಯಾ? ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ. ಮಗುವಿನ ಗುರುತನ್ನು ಮೈಕಿನಲ್ಲಿ ಹೇಳಿದ್ದು ಕಾನೂನಿಗೆ ವಿರುದ್ಧ, ಇನ್ನು ವಿಡಿಯೋ ಬೇರೆ ಮಾಡಿದರೆ ನಾನು ಸುಮ್ಮನಿರುವವಳಲ್ಲ ಎಂದು ಶುರುಮಾಡಿದ್ದೆ ಅಷ್ಟೆ. ಬಾಗಿಲಲ್ಲಿ ನಿಂತಿದ್ದ ಮಿಂಚು ಒಳಗೆ ಬಂದಳು. ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದಳು.

"ಸಾರಿ ಎಂತಕ್ಕ್ ಹೇಳುದ್?" ಎಂದು ಕೇಳಿದಳು. ಎದುರುತ್ತರವಲ್ಲ, ನಿಜವಾಗಿಯೇ ಕೇಳಿದಳು.

"ಬ್ಯಾಗ್ ಬ್ಯಾಡ ಅಂದದ್ದಕ್ಕೆ" ಎಂದರು ಅಧ್ಯಕ್ಷರು.

"ನಂಗೆ ಬ್ಯಾಗ್ ಇತ್ತಲ್ದಾ?"

"ಇತ್ತ್. ಆದ್ರೂ ದೊಡ್ಡೋರ್ ಕೊಟ್ರೆ ತಕಣ್ಕ್ ಮಗಾ."

ಮಿಂಚು ಜಿಪ್ಪಿನ ತಾಮ್ರದ ಹಿಡಿಕೆಯನ್ನು ಬೆರಳಿಗೆ ಸಿಕ್ಕಿಸಿಕೊಂಡಳು.

"ನಂಗೆ ಅಮ್ಮ ಇಲ್ಲೆ ಅಂದ್ರಲೆ ಮೈಕಂಗ್. ಅದಕ್ಕ್ ಯಾರ್ ಸಾರಿ ಹೇಳುದ್?"

ನನಗೂ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವಳು ಬೇಡ ಎಂದದ್ದು ಬ್ಯಾಗನ್ನಲ್ಲ. ಆ ಬ್ಯಾಗನ್ನು ಹಿಡಿದುಕೊಂಡರೆ ಅಮ್ಮ ಇಲ್ಲ ಎಂದು ಒಪ್ಪಿಕೊಂಡಂತೆ. ಆಸ್ಪತ್ರೆಯಲ್ಲಿ ಮಗಳಿಗಾಗಿ ದಿನ ತಳ್ಳುತ್ತಿರುವ ಅಮ್ಮ, ಸಂತೆಯಲ್ಲಿ ಚೌಕಾಸಿ ಮಾಡಿ ಚಿಟ್ಟೆಯ ಬ್ಯಾಗು ತೆಗೆದುಕೊಟ್ಟ ಅಮ್ಮ. ಅವಳನ್ನು ಒಂದು ನೀಲಿ ಬ್ಯಾಗಿಗಾಗಿ ಮಗಳು ಬಿಟ್ಟುಕೊಡಬೇಕಿತ್ತಾ?

ಹೆಡ್ ಟೀಚರ್ ಕುರ್ಚಿಯಿಂದ ಎದ್ದರು. ಅಧ್ಯಕ್ಷರ ಕಡೆ ನೋಡಲಿಲ್ಲ. ಮಿಂಚುವಿನ ಎದುರು ಬಗ್ಗಿ, "ಆ ಮೈಕಿನ್ ಹುಡ್ಗನಿಗ್ ಹಾಂಗ್ ಹೇಳುಕ್ ಹೇಳ್ದದ್ ನಾನೇ. ತಪ್ಪಾಯ್ತ್ ಮಗಾ. ಸಾರಿ" ಎಂದರು.

ಪ್ರಾರ್ಥನೆಯಲ್ಲಿ ಯಾರೂ ಸಾರಿ ಹೇಳಲಿಲ್ಲ, ವಿಡಿಯೋ ಆಗಲಿಲ್ಲ, ಬೇರೆ ಶಾಲೆಯ ಮಾತೂ ಮತ್ತೆ ಬರಲಿಲ್ಲ. ಅಧ್ಯಕ್ಷರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಒಳ್ಳೆಯದೇ ಆಯಿತು. ಜಗಲಿಯ ಮಾಡು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ ಕೊಡೆ ಹಿಡಿದು ನಿಲ್ಲೋಣ, ನಮ್ಮ ಊರಿಗೆ ಮಳೆ ಹೊಸತೇನೂ ಅಲ್ಲ.

ಬ್ಯಾಗು ಕೂಡಲೇ ಗೋಡೆ ಬದಿಗೆ ಹೋಗಲಿಲ್ಲ. ತೊಡೆಯಿಂದ ಬೆಂಚಿಗೆ, ಬೆಂಚಿನಿಂದ ಕಾಲಿನ ಹತ್ತಿರಕ್ಕೆ ಇಳಿದು, ನಿನ್ನೆಯಷ್ಟೇ ಗೋಡೆ ಮುಟ್ಟಿತಂತೆ. ಈ ಸುದ್ದಿ ಕೊಟ್ಟದ್ದು ಟೀಚರ್ ಅಲ್ಲ, ಮಿಂಚುವೇ. "ಅತ್ತೆ, ನನ್ ಬ್ಯಾಗಿಗ್ ಕಿಟಕಿ ಹತ್ರ ಜಾಗ ಸಿಕ್ತ್" ಎಂದಳು, ಸೈಟು ರಿಜಿಸ್ಟರ್ ಮಾಡಿಸಿಕೊಂಡು ಬಂದವರ ಗತ್ತಿನಲ್ಲಿ. ಇದು ಸೊಕ್ಕು ಎನ್ನುವುದಾದರೆ ಹೌದು, ನಮ್ಮ ಮನೆಯ ಹುಡುಗಿಗೆ ಸೊಕ್ಕಿದೆ. ಅದನ್ನು ಇಳಿಸುವ ಯೋಚನೆ ನನಗಿಲ್ಲ, ಇನ್ನಷ್ಟು ಮೀನು ಹಾಕಿ ಬೆಳೆಸುತ್ತೇನೆ.

ಆ ನೀಲಿ ಬ್ಯಾಗು ಮಾತ್ರ ಇನ್ನೂ ಆಫೀಸಿನ ಕಪಾಟಿನ ಮೇಲೇ ಇದೆ, ಪ್ಲಾಸ್ಟಿಕ್ ಸಮೇತ. ಫೋನ್ ಮಾಡಿದ ಮಹನೀಯರಲ್ಲಿ ಯಾರಿಗಾದರೂ ಬೇಕಾದರೆ ಖಂಡಿತ ಬಂದು ಒಯ್ಯಿರಿ. ನಿಮ್ಮ ಮಗುವನ್ನು ವೇದಿಕೆ ಹತ್ತಿಸಿ, ನಿಮ್ಮ ಮನೆಯ ಕಷ್ಟವನ್ನು ಮೈಕಿನಲ್ಲಿ ಓದಿಸಿ, ಊರವರು "ಪಾಪ" ಎನ್ನುವವರೆಗೆ ಫೋಟೋಗೆ ನಿಲ್ಲಿಸಿದರೆ ಸಾಕು.

ಹ್ವಾಯ್, ಯಾರ ಮಗುವನ್ನು ಮೊದಲು ಕಳಿಸುತ್ತೀರಿ?